ಓಎಲ್‌ಇಡಿಯೋ ಕ್ಯೂಎಲ್‌ಇಡಿಯೋ: ಬೆಳಕು ಎಲ್ಲಿಂದ ಬರ್ತದ ಅನ್ನೋದು ಮೊದಲು ನೋಡ್ರಿ

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ಸರ್, ಹೊಸ ಮನಿ ಕಟ್ಟಿಸೀವಿ. ಪಡಸಾಲ್ಯಾಗ 65 ಇಂಚಿಂದು ಟಿವಿ ಹಾಕಬೇಕಂತ ಮಾಡೀವಿ. ಅಂಗಡ್ಯಾವ್ರು ಓಎಲ್‌ಇಡಿ ಹಳೇದಾತು, ಕ್ಯೂಎಲ್‌ಇಡಿ ಅದರ ಮುಂದಿಂದು, ಅದನ್ನ ಒಯ್ರಿ ಅಂತಾರ. ಯಾವ್ದು ತಗೊಳ್ಳೂಣ್ರಿ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಮಾನ್ವಿಯಿಂದ ಕೇಳುತ್ತಾರೆ, ಲಿಂಗಸುಗೂರಿನಿಂದ ಕೇಳುತ್ತಾರೆ, ದೀಪಾವಳಿ ಹತ್ತಿರ ಬಂದರಂತೂ ಇದೇ ಪ್ರಶ್ನೆ. ಈ ಸಲ ಪೂರ್ತಿ ಬರೆದು ಇಡುತ್ತೇನೆ. ಪ್ರಶ್ನೆಯ ಒಳಗೇ ಒಂದು ತಪ್ಪು ಮಾಹಿತಿ ಸೇರಿಕೊಂಡಿದೆ, ಅದನ್ನು ನಂಬಿ ಜನ ಲಕ್ಷಗಟ್ಟಲೆ ದುಡ್ಡು ಸುರಿಯುತ್ತಿದ್ದಾರೆ.

ಉತ್ತರ ಮೊದಲು ಹೇಳಿಬಿಡುತ್ತೇನೆ. ಹಗಲೆಲ್ಲ ಬಾಗಿಲು ತೆರೆದಿರುವ, ಬಿಸಿಲು ಒಳಗೇ ಬಂದು ಬೀಳುವ ಪಡಸಾಲೆಗೆ ಒಳ್ಳೆಯ ಮಿನಿ ಎಲ್‌ಇಡಿ ಟಿವಿ (ಹಿಂದೆಲ್ಲ ಸಣ್ಣ ಸಣ್ಣ ಎಲ್‌ಇಡಿ ದೀಪ ಹರಡಿರುವಂಥದ್ದು, ವಿವರ ಮುಂದಿದೆ). ಕಿಟಕಿಯ ಪರದೆ ಎಳೆದು, ದೀಪ ಆರಿಸಿ, ರಾತ್ರಿ ಸಿನಿಮಾ ನೋಡುವ ಕೋಣೆಗೆ ಓಎಲ್‌ಇಡಿ. ಡಬ್ಬಿಯ ಮೇಲೆ ಕ್ಯೂಎಲ್‌ಇಡಿ ಅಂತ ಬರೆದಿದೆ ಎಂಬ ಒಂದೇ ಕಾರಣಕ್ಕೆ ಯಾವ ಟಿವಿಯನ್ನೂ ಮನೆಗೆ ತರಬೇಡಿ.

ಕ್ಯೂಎಲ್‌ಇಡಿ ಓಎಲ್‌ಇಡಿಯ ಮುಂದಿನ ಹೆಜ್ಜೆ ಅನ್ನುವ ಮಾತು ಯಾಕೆ ತಪ್ಪು ಅಂತ ತಿಳಿಯಬೇಕಾದರೆ ಟಿವಿ ರಿಪೇರಿ ಮಾಡುವವರ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅವರ ಬಳಿ ಬರುವ ದೂರುಗಳಲ್ಲಿ ಒಂದು ಎಲ್ಲರಿಗೂ ಗೊತ್ತಿರುವಂಥದ್ದು: ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಕೆಲಸ ಬಲ್ಲವನು ಆಗ ಮೊದಲು ಟಾರ್ಚ್ ಹಚ್ಚಿ ಕಪ್ಪಾದ ಪರದೆಗೆ ಹತ್ತಿರ ಹಿಡಿಯುತ್ತಾನೆ. ಬೆಳಕು ಬಿದ್ದ ಜಾಗದಲ್ಲಿ ಮಸುಕಾಗಿ ವಾರ್ತೆ ಓದುವವರ ಮುಖ ಕಾಣುತ್ತದೆ, ಕೆಳಗೆ ಓಡುವ ಅಕ್ಷರವೂ ಕಾಣುತ್ತದೆ. ಚಿತ್ರ ಅಲ್ಲೇ ಇದೆ, ಅದನ್ನು ತೋರಿಸುವ ಬೆಳಕು ಸತ್ತಿದೆ. ಹಿಂದಿನ ಬ್ಯಾಕ್‌ಲೈಟ್ ಪಟ್ಟಿ ಹೋಗಿದೆ ಅಂತ ಆಗಲೇ ತೀರ್ಮಾನ. ಸಾದಾ ಎಲ್‌ಇಡಿ ಟಿವಿಯಲ್ಲಿ ಹೀಗಾಗುತ್ತದೆ. ಕ್ಯೂಎಲ್‌ಇಡಿಯಲ್ಲೂ ಹೀಗೇ ಆಗುತ್ತದೆ. ಓಎಲ್‌ಇಡಿಯಲ್ಲಿ ಹೀಗೆ ಟಾರ್ಚ್ ಬೆಳಕಿಗೆ ಚಿತ್ರ ಕಾಣುವ ಮಾತೇ ಇಲ್ಲ, ಅದಕ್ಕೆ ಬ್ಯಾಕ್‌ಲೈಟೇ ಇಲ್ಲ.

ಇನ್ನೂ ಅನುಮಾನವಿದ್ದರೆ ಕ್ಯೂಎಲ್‌ಇಡಿಯನ್ನು ಬಿಚ್ಚಿದಾಗ ನೋಡಿ. ಮುಂದಿನ ಗಾಜು ಎತ್ತಿಟ್ಟರೆ ತೆಳು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ಕೆಳಗೆ ಸಾಲುಸಾಲಾಗಿ ಎಲ್‌ಇಡಿಗಳು. ಪಟ್ಟಿಗೆ ಕರೆಂಟ್ ಕೊಟ್ಟು ಹಾಳೆಗಳನ್ನು ತೆಗೆದರೆ ಬರುವ ಬೆಳಕು ಪೂರಾ ನೀಲಿ. ಕ್ವಾಂಟಮ್ ಡಾಟ್ ಇರುವ ಹಾಳೆಯನ್ನು ಮತ್ತೆ ಮೇಲೆ ಹಾಸಿದರೆ ಅದೇ ನೀಲಿ ಬೆಳಕು ಬಿಳಿಯಾಗುತ್ತದೆ. ಕ್ಯೂಎಲ್‌ಇಡಿಯ ಕ್ಯೂ ಅಂದರೆ ಆ ಒಂದು ಹಾಳೆ. ಉಳಿದದ್ದೆಲ್ಲ ನಮಗೆ ಗೊತ್ತಿರುವ ಎಲ್‌ಸಿಡಿ: ಹಿಂದೊಂದು ದೀಪ, ಮುಂದೊಂದು ಗಾಜು. ಗಾಜಿನೊಳಗಿನ ದ್ರವಸ್ಫಟಿಕ ಕಿಟಕಿಯ ರೆಕ್ಕೆಗಳ ಹಾಗೆ ತೆರೆದು ಮುಚ್ಚಿ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಪೂರ್ತಿ ತಡೆಯಲಿಕ್ಕೆ ಮಾತ್ರ ಅದರಿಂದ ಆಗುವುದಿಲ್ಲ. ಕಪ್ಪು ಬೂದಿಯಂತೆ ಕಾಣುವುದು ಅದಕ್ಕೇ.

ಹಾಗಂತ ಆ ಹಾಳೆಯನ್ನು ಕೀಳಾಗಿ ಕಾಣಬೇಡಿ. ಕ್ವಾಂಟಮ್ ಡಾಟ್ ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಹರಳು. ಒಂದೇ ವಸ್ತುವಿನದಾದರೂ ಗಾತ್ರ ಸಣ್ಣದಾದರೆ ನೀಲಿಯ ಕಡೆಗೆ, ದೊಡ್ಡದಾದರೆ ಕೆಂಪಿನ ಕಡೆಗೆ ಬೆಳಕು ಸೂಸುತ್ತದೆ. ಇದನ್ನು ಕಂಡುಹಿಡಿದು ಬೆಳೆಸಿದ ಮೌಂಗಿ ಬಾವೆಂಡಿ, ಲೂಯಿಸ್ ಬ್ರುಸ್, ಅಲೆಕ್ಸಿ ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪರದೆಯ ಮೇಲೆ ಕೆಂಪು ಅಷ್ಟು ಗಾಢವಾಗಿ, ಹಸಿರು ಅಷ್ಟು ಶುದ್ಧವಾಗಿ ಕಾಣುವುದು ಈ ಹರಳುಗಳಿಂದಲೇ. ಬಣ್ಣದ ವಿಷಯದಲ್ಲಿ ಕ್ಯೂ ಅಕ್ಷರಕ್ಕೆ ನಿಜವಾದ ಬೆಲೆ ಇದೆ. ಕಪ್ಪಿನ ವಿಷಯದಲ್ಲಿ ಅದು ಏನೂ ಮಾಡಲಾರದು.

ಓಎಲ್‌ಇಡಿಯ ಜಾತಿಯೇ ಬೇರೆ. 1987ರಲ್ಲಿ ಕೊಡಕ್ ಕಂಪನಿಯ ಚಿಂಗ್ ತಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ತೋರಿಸಿಕೊಟ್ಟ ದಾರಿ ಅದು: ತೆಳುವಾದ ಸಾವಯವ ಪದರಕ್ಕೆ ವಿದ್ಯುತ್ ಹರಿಸಿದರೆ ಪದರವೇ ಬೆಳಗುತ್ತದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ, ಪ್ರತಿಯೊಂದೂ ತಾನೇ ಹೊತ್ತಿಕೊಳ್ಳುತ್ತದೆ, ತಾನೇ ಆರುತ್ತದೆ. ಕಪ್ಪು ಬೇಕಾದ ಕಡೆ ಆರಿಯೇ ಇರುತ್ತದೆ.

ಈಗ ಇಸವಿ ನೋಡಿ. ಕ್ಯೂಎಲ್‌ಇಡಿ ಎಂಬ ಹೆಸರನ್ನು ಸ್ಯಾಮ್‌ಸಂಗ್ ತನ್ನ ಎಲ್‌ಸಿಡಿ ಟಿವಿಗಳಿಗೆ ಇಟ್ಟದ್ದು 2017ರಲ್ಲಿ. ಅದೇ ಕಂಪನಿ 2022ರಲ್ಲಿ ಓಎಲ್‌ಇಡಿ ಪ್ಯಾನೆಲ್‌ಗೆ ಕ್ವಾಂಟಮ್ ಡಾಟ್ ಸೇರಿಸಿದ ಟಿವಿಯನ್ನು ಮಾರುಕಟ್ಟೆಗೆ ತಂದಿತು. ಕ್ಯೂಎಲ್‌ಇಡಿಯೇ ಮುಂದಿನ ಹೆಜ್ಜೆಯಾಗಿದ್ದರೆ ಆ ಹೆಸರು ಇಟ್ಟವರೇ ಐದು ವರ್ಷದ ಮೇಲೆ ಓಎಲ್‌ಇಡಿ ಕಡೆ ಯಾಕೆ ಬರುತ್ತಿದ್ದರು? ತಾನೇ ಬೆಳಗುವ ಕ್ವಾಂಟಮ್ ಡಾಟ್ ಪರದೆ ಪ್ರದರ್ಶನಗಳಲ್ಲಿ ಕಂಡಿದೆ, ಆದರೆ ನಿಮ್ಮ ಅಂಗಡಿಯ ಗೋಡೆಯ ಮೇಲಿರುವ ಕ್ಯೂಎಲ್‌ಇಡಿ ಅದಲ್ಲ. ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳುತ್ತಾನೆ. ಎರಡು ಹೆಸರೂ ಕಿವಿಗೆ ಒಂದೇ ಥರ ಕೇಳುತ್ತವೆ, ಗೊಂದಲ ಹುಟ್ಟುವುದು ಅಲ್ಲೇ.

ಹೆಚ್ಚು ನಷ್ಟ ಆಗುವುದು ಇಲ್ಲಿ: ಕ್ಯೂಎಲ್‌ಇಡಿ ಚೀಟಿ ಅಗ್ಗದ ಟಿವಿಯ ಮೇಲೂ ಇರುತ್ತದೆ, ಲಕ್ಷ ದಾಟಿದ್ದರ ಮೇಲೂ ಇರುತ್ತದೆ. ಬೆಲೆಯ ವ್ಯತ್ಯಾಸ ಬಹುಪಾಲು ಹಿಂದಿನ ದೀಪದ್ದು. ಅಂಚಿನಲ್ಲಿ ಮಾತ್ರ ದೀಪವಿದ್ದು ಇಡೀ ಪರದೆ ಒಟ್ಟಿಗೆ ಬೆಳಗುವ ಟಿವಿ ಎಷ್ಟೇ ಚೆಂದದ ಹೆಸರಿದ್ದರೂ ಮೇಲ್ದರ್ಜೆಯದಲ್ಲ. ಸಾವಿರಾರು ಸಣ್ಣ ಎಲ್‌ಇಡಿಗಳನ್ನು ಪರದೆಯ ಹಿಂದೆಲ್ಲ ಹರಡಿ, ಗುಂಪು ಗುಂಪಾಗಿ ಬೇರೆ ಬೇರೆ ಆರಿಸುವುದೇ ಮಿನಿ ಎಲ್‌ಇಡಿ. ಆ ಗುಂಪುಗಳಿಗೆ ಡಿಮ್ಮಿಂಗ್ ಜೋನ್ ಅನ್ನುತ್ತಾರೆ. "ಲೋಕಲ್ ಡಿಮ್ಮಿಂಗ್ ಅದಾ? ಎಷ್ಟು ಜೋನ್ ಅವ?" ಅಂತ ಅಂಗಡಿಯಲ್ಲಿ ಕೇಳಿ. ಉತ್ತರ ಬರಲಿಲ್ಲವೋ, ನೀವೇ ಪರೀಕ್ಷೆ ಮಾಡಿ. ಪೂರಾ ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಚುಕ್ಕಿ ಓಡಾಡುವ ವಿಡಿಯೋ ಒಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಟಿವಿ ಮೇಲಿನ ಟ್ಯೂಬ್‌ಲೈಟ್ ಆರಿಸಲು ಹೇಳಿ, ವಿಡಿಯೋ ಹಚ್ಚಿ. ಚುಕ್ಕಿಯ ಸುತ್ತ ಮಂಜಿನಂತೆ ಬೆಳಕು ಹರಡಿ ಅದರ ಜೊತೆಗೇ ಓಡಿದರೆ ಜೋನ್ ಕಡಿಮೆ ಅಂತ ಅರ್ಥ. ಒಳ್ಳೆಯ ಮಿನಿ ಎಲ್‌ಇಡಿಯಲ್ಲಿ ಆ ಮಂಜು ತೀರಾ ಸ್ವಲ್ಪ. ಓಎಲ್‌ಇಡಿಯಲ್ಲಿ ಇಲ್ಲವೇ ಇಲ್ಲ.

ಹಾಗಿದ್ದ ಮೇಲೆ ಎಲ್ಲರಿಗೂ ಓಎಲ್‌ಇಡಿಯೇ ಅಂತ ಯಾಕೆ ಹೇಳಬಾರದು? ನಮ್ಮ ರಾಯಚೂರು ಸೀಮೆಯ ಬಿಸಿಲು ಅದಕ್ಕೆ ಅಡ್ಡ ಬರುತ್ತದೆ. ಮಧ್ಯಾಹ್ನ ತಲೆಬಾಗಿಲು ತೆರೆದಿದ್ದು, ನುಣುಪಾದ ಗ್ರಾನೈಟ್ ನೆಲದಿಂದ ಬೆಳಕು ಪುಟಿದು ಪರದೆಗೆ ಹೊಡೆಯುತ್ತಿದ್ದರೆ ಓಎಲ್‌ಇಡಿಯ ಆ ಕಪ್ಪು ನಿಮಗೆ ದಕ್ಕುವುದಿಲ್ಲ. ಇಡೀ ಪರದೆ ಬೆಳ್ಳಗಿರುವ ದೃಶ್ಯ ಬಂದಾಗ, ಕ್ರಿಕೆಟ್ ಮೈದಾನ ಬಂದಾಗ, ಓಎಲ್‌ಇಡಿ ತನ್ನ ಪ್ರಖರತೆಯನ್ನು ತಾನೇ ಇಳಿಸಿಕೊಳ್ಳುತ್ತದೆ. ಆ ಹೊತ್ತಿಗೆ ಮಿನಿ ಎಲ್‌ಇಡಿಯೇ ವಾಸಿ. ಆದರೆ ಪಡಸಾಲೆಯಲ್ಲಿ ಹತ್ತು ಜನ ಸೇರಿ, ಕೆಲವರು ಪಕ್ಕದ ದಿವಾನದ ಮೇಲೆ, ಕೆಲವರು ನೆಲದ ಮೇಲೆ ಕೂತು ನೋಡುವ ಮನೆಯಾದರೆ ಅಂಗಡಿಯಲ್ಲೇ ಓರೆಯಾಗಿ ನಿಂತು ನೋಡಿ. ವಿಎ ಎಂಬ ಬಗೆಯ ಪ್ಯಾನೆಲ್‌ನ ಎಲ್‌ಸಿಡಿಗಳಲ್ಲಿ ಪಕ್ಕದಿಂದ ಬಣ್ಣ ತೆಳುವಾಗುತ್ತದೆ, ಓಎಲ್‌ಇಡಿಯಲ್ಲಿ ಬಹಳ ಮಟ್ಟಿಗೆ ಹಾಗೇ ಇರುತ್ತದೆ.

ಬರ್ನ್-ಇನ್, ಅಂದರೆ ಒಂದೇ ಚಿತ್ರ ಬಹಳ ಹೊತ್ತು ನಿಂತು ಪರದೆಯಲ್ಲಿ ಅಚ್ಚಾಗಿ ಉಳಿಯುವುದರ ಬಗ್ಗೆ: ಭಯ ಅತಿಯಾಗಿದೆ, ಆದರೆ ಸುಳ್ಳಲ್ಲ. ಸಾವಯವ ಪದರ ಬಳಸಿದಷ್ಟೂ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ. ಬೆಳಗಿನಿಂದ ರಾತ್ರಿವರೆಗೆ ಒಂದೇ ವಾರ್ತಾ ವಾಹಿನಿ ಓಡುವ ಮನೆಯಲ್ಲಿ ಮೂಲೆಯ ಲೋಗೋ, ಕೆಳಗಿನ ಕೆಂಪು ಪಟ್ಟಿ ಕಾಲಕ್ರಮೇಣ ನೆರಳಾಗಿ ಉಳಿಯಬಹುದು. ಅಂಥವರು ಓಎಲ್‌ಇಡಿ ಬಿಟ್ಟುಬಿಡಿ. ತಗೊಂಡವರು ಒಂದು ರೂಢಿ ಬದಲಿಸಬೇಕು. ನಮ್ಮಲ್ಲಿ ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ ಬಂದ್ ಮಾಡುತ್ತಾರೆ. ಓಎಲ್‌ಇಡಿ ಕೆಲವು ಗಂಟೆ ಓಡಿದ ಮೇಲೆ ರಿಮೋಟಿನಿಂದ ಆರಿಸಿದಾಗ, ಸ್ಟ್ಯಾಂಡ್‌ಬೈನಲ್ಲೇ ತನ್ನ ಪಿಕ್ಸೆಲ್‌ಗಳನ್ನು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೆ ಕರೆಂಟ್ ಬೇಕು, ಸ್ವಿಚ್ ಹಾಕಿಯೇ ಬಿಡಿ. ಬರ್ನ್-ಇನ್ ವಾರಂಟಿಯಲ್ಲಿ ಬರುತ್ತದೋ ಇಲ್ಲವೋ ಎಂಬುದನ್ನು ಬಿಲ್ಲಿಗೆ ಮುಂಚೆಯೇ ಬರಹದಲ್ಲಿ ಕೇಳಿ.

ಬೆಲೆ ಕೇಳುವಾಗ ಇದೂ ಗೊತ್ತಿರಲಿ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ.

ನೀವು ಕೇಳದೇ ಇದ್ದ ಒಂದು ಮಾತು ಹೇಳದೆ ನನಗೆ ಸಮಾಧಾನವಿಲ್ಲ. ಇಷ್ಟು ದುಡ್ಡು ಕೊಟ್ಟು ತಂದ ಟಿವಿಗೆ ಏನು ತೋರಿಸುತ್ತೀರಿ? ದೊಡ್ಡ ದೊಡ್ಡ ಮನೆಗಳಲ್ಲಿ ನೋಡಿದ್ದೇನೆ: ಗೋಡೆ ತುಂಬ 4ಕೆ ಟಿವಿ, ಅದಕ್ಕೆ ಹಳೆಯ ಸೆಟ್ ಟಾಪ್ ಬಾಕ್ಸ್, ನಡುವೆ ಹಳದಿ-ಕೆಂಪು-ಬಿಳಿ ಪಿನ್ನಿನ ವೈರ್. ಸಾದಾ ಎಸ್‌ಡಿ ಚಾನೆಲ್‌ನ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ, ಅಂದರೆ ಸುಮಾರು 4 ಲಕ್ಷ ಚುಕ್ಕಿ. ಟಿವಿಯಲ್ಲಿರುವುದು 83 ಲಕ್ಷ. ಬಂದ ಒಂದೊಂದು ಚುಕ್ಕಿಯನ್ನು ಟಿವಿ 20 ಪಿಕ್ಸೆಲ್‌ಗೆ ಹಿಗ್ಗಿಸಬೇಕು. ಮುಖ ಮೇಣದಂತೆ ಕಾಣುತ್ತದೆ, ಹುಲ್ಲು ಹಸಿರು ಬಣ್ಣ ಬಳಿದಂತೆ ಕಾಣುತ್ತದೆ, ಆಗ "ಟಿವಿನೇ ಸರಿ ಇಲ್ರಿ" ಅಂತ ಫೋನ್ ಬರುತ್ತದೆ. ಪ್ಯಾನೆಲ್ ಓಎಲ್‌ಇಡಿ ಆದರೂ ಅಷ್ಟೇ, ಮಿನಿ ಎಲ್‌ಇಡಿ ಆದರೂ ಅಷ್ಟೇ.

ಆದ್ದರಿಂದ ಟಿವಿ ಬರುವ ಮುಂಚೆ ಕೇಬಲ್‌ನವರಿಗೆ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿ, ನಿತ್ಯ ನೋಡುವ ಕನ್ನಡ, ತೆಲುಗು ಚಾನೆಲ್‌ಗಳ ಎಚ್‌ಡಿ ಕಟ್ಟಿಸಿ. 4ಕೆ ನೋಡಬೇಕಾದರೆ ಫೈಬರ್ ಇಂಟರ್ನೆಟ್ ಬೇಕು. ನೆಟ್‌ಫ್ಲಿಕ್ಸ್ ಅದಕ್ಕೆ ಕೇಳುವ ವೇಗ ಸೆಕೆಂಡಿಗೆ 15 ಮೆಗಾಬಿಟ್, ಮೇಲಾಗಿ ದುಬಾರಿ ಪ್ಲಾನ್ ಇದ್ದವರಿಗೆ ಮಾತ್ರ 4ಕೆ ಸಿಗುತ್ತದೆ. ಟಿವಿಯ ಪಿಕ್ಚರ್ ಮೋಡ್ ವಿವಿಡ್‌ನಲ್ಲಿದ್ದರೆ ರಾತ್ರಿ ಹೊತ್ತು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್‌ಗೆ ಬದಲಿಸಿ. ಮೊದಮೊದಲು ಹಳದಿ ಅನ್ನಿಸುತ್ತದೆ, ನಾಲ್ಕು ದಿನ ಬಿಟ್ಟು ವಿವಿಡ್‌ಗೆ ಹೋದರೆ ಕಣ್ಣೇ ಬೇಡ ಅನ್ನುತ್ತದೆ. ಬಾಕ್ಸಿನ ಹಿಂದಿನ ಮೂರು ಬಣ್ಣದ ವೈರ್ ಕಿತ್ತು ಎಚ್‌ಡಿಎಂಐ ಹಾಕಿ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 576 ಅಂತಿದ್ದರೆ 1080 ಮಾಡಿ. ಎಚ್‌ಡಿ ಬಾಕ್ಸ್ ಇದ್ದೂ ಚಿತ್ರ ಮಸುಕು ಅನ್ನುವವರು ನನಗೆ ಬರೆಯುವ ಮುಂಚೆ ಇದೊಂದನ್ನು ನೋಡಿಕೊಳ್ಳಿ.