ಎರಡೇ ಬಣ್ಣ, ಅರವತ್ತು ಮುಖ
"ಮೊದಲು ಆಟ ಸರಿಯಾಗಲಿ, ಅಂದಚೆಂದ ಆಮೇಲೆ ನೋಡೋಣ." ಇಂಡಿ ಗೇಮ್, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವಂತವಾಗಿ ವಿಡಿಯೊ ಗೇಮ್ ಮಾಡುವವರ ಬಾಯಲ್ಲಿ ಈ ಮಾತು ಜಾಸ್ತಿ. ಜೊನಾಥನ್ ಬ್ಲೋ ಅವರ 'ಬ್ರೇಡ್' ಹಾಗೇ ಹುಟ್ಟಿತು. 2006ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ವಿನ್ಯಾಸಕ್ಕೆ ಬಹುಮಾನ ಬಂದಾಗ ಅದರಲ್ಲಿ ಇದ್ದದ್ದು ತಾತ್ಕಾಲಿಕ ಚಿತ್ರಗಳು. ಕಲಾವಿದ ಡೇವಿಡ್ ಹೆಲ್ಮನ್ ಆಮೇಲೆ ಬಂದು ಹೊಸದಾಗಿ ಬಿಡಿಸಿದರು. 2008ರಲ್ಲಿ ಆಟ ಹೊರಬಂತು, ಹೆಸರು ಮಾಡಿತು.

ಆದರೆ ಇದನ್ನೇ ಎಲ್ಲರಿಗೂ ಸೂತ್ರ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಲೂಕಸ್ ಪೋಪ್ ಅವರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ನೋಡಿ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಎಂದು ಪತ್ತೆ ಮಾಡಬೇಕು. ಮುಖ, ಬಟ್ಟೆ, ನಿಂತ ಜಾಗ, ಇವೇ ಮುಖ್ಯ ಸುಳಿವು. ಪರದೆಯಲ್ಲಿ ಇರುವುದೋ ಎರಡೇ ಬಣ್ಣ, ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರ್ ಥರ. ಮುಖ ಗುರುತು ಸಿಗದಿದ್ದರೆ ಆಟವೇ ಇಲ್ಲ.

ಎರಡು ಬಣ್ಣದಲ್ಲಿ ಬೂದು ತೋರಿಸುವ ಉಪಾಯದ ಹೆಸರು ಡಿದರಿಂಗ್. 1973ರಲ್ಲಿ ಕೊಡ್ಯಾಕ್‌ನ ಬ್ರೈಸ್ ಬೇಯರ್ ಇದಕ್ಕೊಂದು ಸೊಗಸಾದ ದಾರಿ ಕೊಟ್ಟರು. (ನಿಮ್ಮ ಫೋನ್ ಕ್ಯಾಮೆರಾ ಬಣ್ಣ ಹಿಡಿಯುವುದೂ ಬಹುಪಾಲು ಇವರದೇ ಇನ್ನೊಂದು ಐಡಿಯಾದಿಂದ.) ಪರದೆಯನ್ನು ಪುಟ್ಟ ಚೌಕಗಳಾಗಿ ಹಂಚಿ, ಚೌಕದ ಒಂದೊಂದು ಚುಕ್ಕೆಗೂ ಒಂದೊಂದು ಮಿತಿ ಇಡುತ್ತಾರೆ. ಬೆಳಕು ಆ ಮಿತಿ ದಾಟಿದರೆ ಚುಕ್ಕೆ ಬಿಳಿ, ಇಲ್ಲದಿದ್ದರೆ ಕಪ್ಪು. 16 ಚುಕ್ಕೆಗಳ ಚೌಕದಲ್ಲಿ 8 ಬೆಳಗಿದರೆ ಕಣ್ಣಿಗೆ ಅರೆಬೂದು. ಪೂರ್ತಿ ಕಪ್ಪೂ ಸೇರಿ 17 ಛಾಯೆ ಸಿಗುತ್ತವೆ.

ನಿಂತ ಚಿತ್ರಕ್ಕೆ ಇದು ಚೆನ್ನ. ಕ್ಯಾಮೆರಾ ತಿರುಗಿದರೆ ಫಜೀತಿ. ಬಸ್ಸಿನ ಕಿಟಕಿಗೆ ಅಂಟಿದ ಧೂಳಿನ ಹಾಗೆ ಮಿತಿಗಳೆಲ್ಲ ಪರದೆಯ ಗಾಜಿನ ಮೇಲೇ ಉಳಿಯುತ್ತವೆ, ಹಿಂದಿನ ದೃಶ್ಯ ಮಾತ್ರ ಜಾರುತ್ತದೆ. ಮುಖದ ಮೇಲಿನ ಚುಕ್ಕೆಗಳು ಮಿನುಗಿ ಕಣ್ಣು ನೋಯುತ್ತದೆ. ಪೋಪ್ ಆ ಮಿತಿಗಳ ವಿನ್ಯಾಸವನ್ನು ಗಾಜಿನಿಂದ ಕಿತ್ತು, ಆಟಗಾರನ ಸುತ್ತ ಕಲ್ಪಿಸಿಕೊಂಡ ಗೋಳದ ಒಳಮೈಗೆ ಅಂಟಿಸಿದರು. ತಲೆ ತಿರುಗಿಸಿದರೆ ಈಗ ಚುಕ್ಕೆಗಳೂ ದೃಶ್ಯದ ಜೊತೆಗೇ ಸರಿಯುತ್ತವೆ.

ಈಗ ಹೇಳಿ, ಇದು ಕಲೆಯೋ, ಕೋಡೋ? ಬಿಡುಗಡೆಗೆ ಎರಡು ತಿಂಗಳಿರುವಾಗ ಯಾರನ್ನೋ ಕರೆದು ಸುಮ್ನೆ ಮಾಡಿಸಿಕೊಳ್ಳುವ ಕೆಲಸ ಇದಲ್ಲ. ಬ್ರೇಡ್‌ನಲ್ಲೂ ಆಟಗಾರ ಕಾಲವನ್ನು ಹಿಂದೆ ಓಡಿಸಿದಾಗ ಬದಲಾಗದ ವಸ್ತುಗಳಿಗೆ ಹಸಿರು ಹೊಳಪಿದೆ. ಅಲ್ಲಿ ಬಣ್ಣವೇ ನಿಯಮ ಹೇಳುತ್ತದೆ.

ಪೋಪ್ ಕಲೆ, ಕೋಡ್ ಎರಡನ್ನೂ ತಾವೇ ಮಾಡಿದರು. 2018ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಕಲಾ ನಿರ್ದೇಶನದ ಪ್ರಶಸ್ತಿ ಈ ಆಟಕ್ಕೇ ಸಿಕ್ಕಿತು. ಎರಡೂ ಬಾರದವರು, ಆಟಗಾರ ಕಣ್ಣಿನಿಂದ ಏನನ್ನಾದರೂ ಗುರುತಿಸಬೇಕು ಅಂತ ಮೊದಲ ನಿಯಮ ಬರೆದ ದಿನವೇ ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ.