ಮೆಟ್ಟಿಲ ಅಡಿಗೆ ಬಗ್ಗಿ ನೋಡಿ

ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ. ಮಲೆನಾಡಿನ ಹೋಂಸ್ಟೇ, ತೋಟದ ಮನೆಗಳ ಹೊರಗಿನ ಡೆಕ್‌ಗೆ ಈಗ ತುಂಬಾ ಜನ ಕೇಳುವುದು ಇಂಥ ಮೆಟ್ಟಿಲನ್ನೇ. ಕೇಳುವುದರಲ್ಲಿ ಅರ್ಥವಿದೆ. ಮರ ಬರಿಗಾಲಿಗೆ ಹಿತ. ಕಬ್ಬಿಣ ತೆಳ್ಳಗಿದ್ದೂ ಭಾರ ಹೊರುತ್ತದೆ. ಆದರೆ ಎರಡು ಮೂರು ಮಳೆಗಾಲಕ್ಕೇ ಅಲ್ಲಾಡಲು ಶುರುವಾದ ಮೆಟ್ಟಿಲುಗಳನ್ನೂ ನಾನು ಜಾಸ್ತಿಯೇ ನೋಡುತ್ತೇನೆ. "ಮರ ಸರಿ ಇರಲಿಲ್ಲ ಸಾರ್" ಅಂತಾರೆ ಮನೆಯವರು. ಎಷ್ಟೋ ಸಲ ಮರ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಮರವೂ ಕಬ್ಬಿಣವೂ ಸೇರುವ ಜಾಗ.

ಅಂಥ ಒಂದು ಹಲಗೆಯ ಸ್ಕ್ರೂ ಬಿಚ್ಚಿ ಎತ್ತಿ ನೋಡಿ. ಮೇಲ್ಮೈ ಗಟ್ಟಿಯಾಗೇ ಇರುತ್ತದೆ. ಅಡಿಯಲ್ಲಿ, ಹಲಗೆ ಹೊರುವ ಎಲ್ ಆಕಾರದ ಕಬ್ಬಿಣ, ಅಂದರೆ ಆಂಗಲ್, ಕೂತಿದ್ದ ಅಗಲಕ್ಕೆ ಸರಿಯಾಗಿ ಒಂದು ಕಪ್ಪು ಪಟ್ಟೆ. ಉಗುರಿನಲ್ಲಿ ಒತ್ತಿದರೆ ಮೆತ್ತಗೆ ಒಳಗಿಳಿಯುತ್ತದೆ. ಆಂಗಲ್ ಮೇಲೆ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಮರದಲ್ಲಿರುವ ಒಗರು ಅಂಶ ಒದ್ದೆ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಕಪ್ಪಾದರೆ ಸುಮ್ನೆ ಬಣ್ಣದ ವಿಷಯ ಅಂದುಕೊಳ್ಳಬಹುದಿತ್ತು. ಆದರೆ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಹಲಗೆಯನ್ನು ಮೇಲೆ ತಳ್ಳುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಆ ಸಂದಿಗೆ ಇನ್ನಷ್ಟು ನೀರು ಇಳಿಯುತ್ತದೆ.

ಆಗುಂಬೆ ಕಡೆ ವರ್ಷಕ್ಕೆ 7000 ಮಿಮೀ ಆಸುಪಾಸು ಮಳೆ. ಅಲ್ಲಿ ನೀರು ಬೀಳದ ಹಾಗೆ ಮಾಡುತ್ತೇನೆ ಅನ್ನುವುದು ಆಗದ ಮಾತು. ಬಿದ್ದ ನೀರು ನಿಲ್ಲಬಾರದು, ಅಷ್ಟೇ. ನನ್ನ ಡ್ರಾಯಿಂಗ್‌ನಲ್ಲಿ ಪ್ರತಿ ಗೆರೆಯೂ ಇದಕ್ಕಾಗಿಯೇ.

ಹಲಗೆಗೂ ಆಂಗಲ್‌ಗೂ ನಡುವೆ ಮೂರು ಮಿಮೀ ದಪ್ಪದ ರಬ್ಬರ್ ಪ್ಯಾಡ್ ಇಡುತ್ತೇನೆ. ಉದ್ದಕ್ಕೂ ಪಟ್ಟಿ ಹಾಸುವುದಿಲ್ಲ, ಸ್ಕ್ರೂ ಇರುವ ಕಡೆ ಮಾತ್ರ ತುಂಡು ತುಂಡಾಗಿ. ಉಳಿದ ಕಡೆ ಗಾಳಿ ಆಡುತ್ತದೆ, ನೀರು ಜಾರುತ್ತದೆ. ಸ್ಕ್ರೂ ಯಾವತ್ತೂ ಕೆಳಗಿನಿಂದ. ಮೇಲಿನಿಂದ ಹೊಡೆದರೆ ಪ್ರತಿ ತಲೆಯ ಸುತ್ತ ಒಂದು ಸಣ್ಣ ಬಟ್ಟಲಾಗಿ ನೀರು ನಿಲ್ಲುತ್ತದೆ. ಸ್ಕ್ರೂ ಒಳನಾಡಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಉಡುಪಿ, ಕುಂದಾಪುರದ ಉಪ್ಪು ಗಾಳಿಗೆ 316 ಬೇಕು. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಇಲ್ಲಿ ಉಳಿಸಬೇಡಿ.

ಇನ್ನೊಂದನ್ನು ವೆಲ್ಡಿಂಗ್‌ನವರು ಒಪ್ಪುವುದೇ ಕಷ್ಟ. ಮರ ಉಸಿರಾಡುತ್ತದೆ. ಉದ್ದದಲ್ಲಿ ಅದು ಹೆಚ್ಚುಕಡಿಮೆ ಅಲುಗುವುದಿಲ್ಲ, ಅಗಲದಲ್ಲಿ ಅಲುಗುತ್ತದೆ. ಆರಿಂಚಿನ ಸಾಗುವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಎರಡು ಮಿಮೀಯಷ್ಟು ಹಿಗ್ಗಿ ಕುಗ್ಗಬಹುದು. ಕಬ್ಬಿಣ ಹಾಗೆ ಅಲುಗುವುದಿಲ್ಲ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಸೀಳುವುದು ಮರವೇ. ಅದಕ್ಕೆ ಆಂಗಲ್‌ನಲ್ಲಿ ದುಂಡು ತೂತಿನ ಬದಲು ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಕೊರೆಸಿ, ದೊಡ್ಡ ವಾಷರ್ ಹಾಕಿ. ಒಂದು ಮೆಟ್ಟಿಲಿಗೆ ಒಂದೇ ಅಗಲ ಹಲಗೆ ಹುಡುಕಬೇಡಿ. 135 ಮಿಮೀಯ ಎರಡು ಹಲಗೆ, ನಡುವೆ 10 ಮಿಮೀ ಸಂದಿ. ಕಸವೂ ನೀರೂ ಅಲ್ಲೇ ಕೆಳಗಿಳಿಯುತ್ತವೆ. ಹಲಗೆಯ ತುದಿ ಚಾನೆಲ್‌ಗೆ, ಅಂದರೆ ಮೆಟ್ಟಿಲ ಎರಡು ಬದಿಗೆ ಓರೆಯಾಗಿ ನಿಲ್ಲುವ ಕಬ್ಬಿಣದ ತೊಲೆಗೆ, ತಾಗಬಾರದು. ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದಲೇ.

ಮರ ಯಾವುದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಸಾಗುವಾನಿ, ಹೊನ್ನೆ, ಕಿರಾಲುಬೋಗಿ ಯಾವುದಾದರೂ ಆಗುತ್ತದೆ. ಮತ್ತಿ ಗಟ್ಟಿಯೇನೋ ಹೌದು, ಒಣಗುವಾಗ ಬಿರುಕು ಬಿಡುವುದು ಜಾಸ್ತಿ. ಸಿಲ್ವರ್ ಓಕ್ ಹೊರಗೆ ಬೇಡವೇ ಬೇಡ. ಹೆಸರಿಗಿಂತ ಕೆಚ್ಚು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಮುಖ್ಯ. ಸಾಗುವಾನಿಯಾದರೂ ಅಂಚಿನ ಬಿಳಿ ಭಾಗ ಗೆದ್ದಲಿಗೆ ಊಟ. ಮೇಲೆ ವಾರ್ನಿಷ್ ಹೊಡೆಯಬೇಡಿ, ಬಿಸಿಲು ಮಳೆಗೆ ಅದು ಸಿಪ್ಪೆ ಏಳುತ್ತದೆ. ಮರದೊಳಗೆ ಇಳಿಯುವ ಎಣ್ಣೆ ಸಾಕು.

ಕಬ್ಬಿಣಕ್ಕೆ ರೆಡ್ ಆಕ್ಸೈಡ್, ಮೇಲೊಂದು ಪೇಂಟ್ ಅನ್ನುವುದು ಹಳೆ ರೂಢಿ. ಹೊರಗಿನ ಮೆಟ್ಟಿಲಿಗೆ ನಾನು ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಬಿಟ್ಟು ಬೇರೆ ಹೇಳುವುದಿಲ್ಲ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಇಡೀ ಚೌಕಟ್ಟನ್ನೇ ಅದ್ದುತ್ತಾರೆ. ಹಾಗಾಗಿ ಎಲ್ಲ ವೆಲ್ಡಿಂಗ್, ಎಲ್ಲ ತೂತು ಅದಕ್ಕೆ ಮೊದಲೇ ಮುಗಿದಿರಬೇಕು. ಆಮೇಲೆ ಸೈಟಿನಲ್ಲಿ ನಟ್ಟು ಬೋಲ್ಟು ಮಾತ್ರ. "ಇಲ್ಲೊಂದು ಟಾಕಾ ಹಾಕ್ತೀನಿ" ಅಂತ ಯಾರಾದರೂ ವೆಲ್ಡಿಂಗ್‌ಗೆ ಹೊರಟರೆ ತಡೆಯಿರಿ. ಅಲ್ಲಿ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರು. ಬಾಕ್ಸ್ ಪೈಪ್ ಬಳಸಿದ್ದರೆ ಗಾಳಿ ಹೋಗಲು ತೂತು ಇರಲೇಬೇಕು. ಒಳಗೆ ನೀರು ಸಿಕ್ಕಿಕೊಂಡಿದ್ದರೆ ಅದ್ದುವಾಗ ಪೈಪ್ ಸಿಡಿಯುತ್ತದೆ, ಕೆಲಸದವರ ಜೀವಕ್ಕೇ ಅಪಾಯ. ನಾನು ಆರಿಂಚಿನ ಸಿ ಚಾನೆಲ್ ಹಾಕಿಸುತ್ತೇನೆ. ಮೂರು ಮೀಟರ್ ಉದ್ದದ ಭಾರಕ್ಕೆ ನಾಲ್ಕಿಂಚಿನದೂ ತಡೆಯುತ್ತದೆ, ಆದರೆ ಓರೆಯಾಗಿ ನಿಂತ ಅದರ ಮೈಮೇಲೆ ಆಂಗಲ್ ಕೂರಲು ಜಾಗ ಸಾಲದು.

ಚಾನೆಲ್ ಕಾಲನ್ನು ಮಣ್ಣಿನಲ್ಲಿ ಹೂಳಬೇಡಿ. ನೆಲದಿಂದ ಆರಿಂಚು ಎತ್ತರದ ಕಾಂಕ್ರೀಟ್ ಪೀಠ, ಅದರ ಮೇಲೆ ಬೇಸ್ ಪ್ಲೇಟ್.

ಅಳತೆಗೆ ಒಂದು ಉದಾಹರಣೆ. ಡೆಕ್ ಎತ್ತರ 1600 ಮಿಮೀ ಅಂತಿಟ್ಟುಕೊಳ್ಳಿ. ಹತ್ತು ಏರು, ಅಂದರೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇರುವ ಎತ್ತರ, ಒಂದೊಂದು 160. ಕಾಲಿಡುವ ಜಾಗ 280. ಏರನ್ನು ಎರಡರಿಂದ ಗುಣಿಸಿ ಈ ಅಗಲ ಕೂಡಿಸಿದರೆ 600 ಬರುತ್ತದೆ. ಆ ಲೆಕ್ಕ 600ರಿಂದ 640ರೊಳಗಿದ್ದರೆ ಹತ್ತುವುದು ಸಲೀಸು. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ 190ರ ಏರನ್ನೂ ಬಿಡುತ್ತದೆ, ಆದರೆ ಪಾಚಿ ಹಿಡಿಯುವ ಊರಿನಲ್ಲಿ ಅಷ್ಟು ಕಡಿದು ಬೇಡ. ಎಲ್ಲ ಏರೂ ಸಮ ಇರಲಿ. ತಪ್ಪುವುದು ಸಾಮಾನ್ಯವಾಗಿ ಮೊದಲನೆಯದು. ಕೆಳಗೆ ಆಮೇಲೆ ಕಲ್ಲು ಹಾಸುತ್ತಾರೆ, ಒಂದೂವರೆ ಇಂಚು ನುಂಗಿಹೋಗುತ್ತದೆ. ವಯಸ್ಸಾದವರು ಎಡವುವುದು ಅಲ್ಲೇ. ನೆಲ ಹಾಸು ನಿರ್ಧಾರವಾಗದೆ ಚಾನೆಲ್ ಕೊಯ್ಯಿಸಬೇಡಿ. ಕಟಕಟೆಯ ಸರಳುಗಳ ನಡುವೆ ನಾಲ್ಕಿಂಚಿಗಿಂತ ಕಡಿಮೆ ಬಿಡಿ, ಮಗುವಿನ ತಲೆ ತೂರಬಾರದು ಅಲ್ವಾ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಒಂದು ಬೆಳಗ್ಗೆ ಇದಕ್ಕೆ ಕೊಡಿ. ಸಂದಿಯಲ್ಲಿ ಕೂತ ಎಲೆ, ಮಣ್ಣು ಕೆದಕಿ ತೆಗೆಯಿರಿ. ಹಲಗೆಯನ್ನು ಬ್ರಷ್ಷಿನಿಂದ ಉಜ್ಜಿ ಪೂರ್ತಿ ಒಣಗಿಸಿ ಎಣ್ಣೆ ಹಚ್ಚಿ. ಆಮೇಲೆ ಟಾರ್ಚ್ ಹಿಡಿದು ಅಡಿಗೆ ಹೋಗಿ ಒಂದೊಂದೇ ಸ್ಕ್ರೂ ಬಿಗಿ ಇದೆಯಾ ನೋಡಿ. ಎಲ್ಲಾದರೂ ಕಪ್ಪು ಪಟ್ಟೆ ಕಂಡರೆ ಆ ಹಲಗೆಯನ್ನು ಅವತ್ತೇ ಬಿಚ್ಚಿ, ಪ್ಯಾಡ್ ಬದಲಿಸಿ.