ಆ ಸೊನ್ನೆ ಕೊಟ್ಟಿದ್ದು ಯಾವ ಕಮಾಂಡ್?

‘ಬ್ಯಾಕಪ್ ಯಶಸ್ವಿ’ ಅಂತ 11 ದಿನ ಬೆಳಿಗ್ಗೆ ತಪ್ಪದೆ ಮೇಲ್ ಬಂತು. 12ನೇ ದಿನ ಅಳಿಸಿಹೋದ ಒಂದು ಟೇಬಲ್ ವಾಪಸ್ ಬೇಕಾಯಿತು. ಫೋಲ್ಡರ್ ತೆರೆದರೆ 11 ಫೈಲ್‌ಗಳೂ ತಲಾ 20 ಬೈಟ್. ಎದೆ ಧಸಕ್ಕೆಂದಿತು.

ಡೇಟಾಬೇಸ್ ಪಾಸ್‌ವರ್ಡ್ ಬದಲಾಗಿತ್ತು. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಡೇಟಾ ಹೊರತೆಗೆಯುವ ಡಂಪ್ ಕಮಾಂಡ್ ಪ್ರತಿ ರಾತ್ರಿ ಫೇಲ್ ಆಗುತ್ತಿತ್ತು. ಆದರೆ ಅದರ ಔಟ್‌ಪುಟ್ ಪೈಪ್ ಮೂಲಕ, ಡೇಟಾ ಕುಗ್ಗಿಸುವ ಜಿಜಿಪ್‌ಗೆ ಹೋಗುತ್ತಿತ್ತು. ಏನೂ ಬರದಿದ್ದರೂ ಜಿಜಿಪ್ ಆ ಖಾಲಿಯನ್ನೇ 20 ಬೈಟ್‌ನಲ್ಲಿ ಕಟ್ಟಿ, 0 ಕೊಟ್ಟು, ಅಂದರೆ ‘ಯಶಸ್ವಿ’ ಎಂದು ಹೇಳಿ, ಹೊರಡುತ್ತದೆ. ಪೈಪ್‌ಲೈನ್‌ನಲ್ಲಿ ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಸಾಮಾನ್ಯವಾಗಿ ನೋಡುವುದು ಕೊನೆಯ ಕಮಾಂಡ್‌ನ ಎಕ್ಸಿಟ್ ಕೋಡ್ (ಮುಗಿಯುವಾಗ ಅದು ಕೊಡುವ ಸಂಖ್ಯೆ) ಮಾತ್ರ.

ಅಂದಿನಿಂದ, ಶೆಲ್ ಸ್ಕ್ರಿಪ್ಟ್‌ನಲ್ಲಿ ಇಫ್ ದಾರಿ ತಪ್ಪಿದಾಗಲೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಈ ಸೊನ್ನೆ ಕೊಟ್ಟಿದ್ದು ಯಾವ ಕಮಾಂಡ್? ಇಫ್ ತನ್ನ ಮುಂದಿನ ಕಮಾಂಡ್ ಓಡಿಸುತ್ತದೆ, 0 ಬಂದರೆ ದೆನ್‌ಗೆ ಹೋಗುತ್ತದೆ, ಅಷ್ಟೇ. ಚೌಕ ಆವರಣ [ ಕೂಡ ಒಂದು ಕಮಾಂಡೇ. ಅದರ ನಂತರ ಸ್ಪೇಸ್ ಬೇಕಾಗುವುದು ಅದಕ್ಕೇ.

ಬ್ಯಾಶ್ ಎಂಬ ಶೆಲ್‌ನಲ್ಲಿ ಪೈಪ್‌ಫೇಲ್ ಆಯ್ಕೆ ಹಾಕಿದರೆ ನಡುವೆ ಫೇಲ್ ಆದದ್ದೂ ಗೊತ್ತಾಗುತ್ತದೆ. ಆದರೆ ಸುಮ್ನೆ ಎಲ್ಲ ಕಡೆ ಹಾಕಬೇಡಿ. ಮೊದಲ ಹತ್ತು ಸಾಲು ಓದಿ ಹೆಡ್ ಕಮಾಂಡ್ ಎದ್ದು ಹೋದರೆ, ಹಿಂದೆ ಇನ್ನೂ ಬರೆಯುತ್ತಿದ್ದ ಕಮಾಂಡ್ 141 ಕೊಟ್ಟು ಸಾಯಬಹುದು. 128ಕ್ಕೆ ಸಿಗ್‌ಪೈಪ್‌ನ (ಓದುವವರಿಲ್ಲದ ಪೈಪ್‌ಗೆ ಬರೆದಾಗ ಬರುವ ಸಿಗ್ನಲ್) ಸಂಖ್ಯೆ 13 ಸೇರಿ 141. ಅಲ್ಲಿ ನಿಜವಾಗಿ ಏನೂ ಕೆಟ್ಟಿರುವುದಿಲ್ಲ.

ತಪ್ಪು ಹುಡುಕುವಾಗ ಅನೇಕರು ಮೊದಲು ಸಂದೇಶ ತೋರಿಸುವ ಒಂದು ಎಕೋ ಸೇರಿಸಿ, ಆಮೇಲೆ ಹಿಂದಿನ ಕಮಾಂಡ್‌ನ ಎಕ್ಸಿಟ್ ಕೋಡ್ ಇರುವ $? ನೋಡುತ್ತಾರೆ. ಆಗ ಸಿಗುವುದು ಎಕೋ ಕೊಟ್ಟ ಸೊನ್ನೆ! ಕಮಾಂಡ್ ಮುಗಿದ ಮರುಸಾಲಿನಲ್ಲೇ ಅದನ್ನು ವೇರಿಯಬಲ್‌ಗೆ ಹಾಕಿಟ್ಟುಕೊಳ್ಳಿ. ಫಂಕ್ಷನ್ ಒಳಗೆ, ವೇರಿಯಬಲ್ ಘೋಷಿಸುವ ಲೋಕಲ್ ಇರುವ ಸಾಲಿನಲ್ಲೇ ಕಮಾಂಡ್‌ನ ಔಟ್‌ಪುಟ್ ತುಂಬಿದರೂ ಹೀಗೇ ಆಗುತ್ತದೆ. ಉಳಿಯುವುದು ಲೋಕಲ್‌ನ ಸೊನ್ನೆ. ಎರಡು ಸಾಲಾಗಿ ಬರೆಯಿರಿ.

ನನಗೆ ಜಾಸ್ತಿ ಭಯ ಇರುವುದು ಗ್ರೆಪ್ ಬಗ್ಗೆ. ಹುಡುಕಿದ ಪದ ಸಿಕ್ಕರೆ 0, ಸಿಗದಿದ್ದರೆ 1, ಫೈಲ್ ತೆರೆಯಲೇ ಆಗದಿದ್ದರೆ 2. ‘ಲಾಗ್‌ನಲ್ಲಿ ಎರರ್ ಸಿಕ್ಕರೆ ಎಚ್ಚರಿಸು, ಇಲ್ಲದಿದ್ದರೆ ಎಲ್ಲ ಸರಿ’ ಅಂತ ಇಫ್–ಎಲ್ಸ್ ಬರೆದಿರುತ್ತೇವೆ, ಅಲ್ವಾ? ಲಾಗ್ ಫೈಲೇ ಕಾಣೆಯಾದ ದಿನವೂ ಅದು ‘ಎಲ್ಲ ಸರಿ’ ಅನ್ನುತ್ತದೆ. 1 ಮತ್ತು 2 ಎರಡೂ ಎಲ್ಸ್‌ಗೇ ಬೀಳುತ್ತವೆ. ಡಿಫ್ ಕೂಡ ಇದೇ ಥರ: ಫೈಲ್‌ಗಳಲ್ಲಿ ವ್ಯತ್ಯಾಸ ಇದ್ದರೆ 1, ಓದಲು ತೊಂದರೆಯಾದರೆ 2. ಇಂಥ ಕಡೆ ನಾನು ಇಫ್ ಬಿಟ್ಟು ಕೇಸ್ ಬರೆಯುತ್ತೇನೆ. 0ಕ್ಕೆ ಒಂದು ದಾರಿ, 1ಕ್ಕೆ ಇನ್ನೊಂದು. ಬೇರೆ ಏನೇ ಬಂದರೂ ಸ್ಕ್ರಿಪ್ಟ್ ಅಲ್ಲೇ ನಿಂತು ನನಗೆ ಮೇಲ್ ಕಳಿಸುತ್ತದೆ.